ತಿಥಿ ಕಳೆದ ಮೇಲಿನ ಅವಾರ್ಡ್ ಪಿಚ್ಚರ್

ನಮ್ಮ ಕಡೆ ಸಾವಿನ ಮನೆಯವರು ತಿಥಿ ಮುಗಿಸಿ ಒಂದು ಸಿನಿಮಾ ನೋಡಿಕೊಂಡು ಬರಬೇಕು. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಅತ್ತು ಊದಿಕೊಂಡ ಕಣ್ಣಿಗೆ ಬೇರೆ ಏನಾದರೂ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಶುರು ಮಾಡಿರಬೇಕು. ಅಪ್ಪ ತೀರಿಕೊಂಡ ವರ್ಷ ನಾವು ಹಾಗೆ ಸಿನಿಮಾಕ್ಕೆ ಹೋಗಿದ್ದಕ್ಕೇ ನನ್ನ ಅವ್ವ ನನಗೆ ವಾಪಸ್ಸು ಸಿಕ್ಕಳು. ಮಧುಗಿರಿಯ ಆ ಟಾಕೀಸಿನವರನ್ನು ಕಂಡರೆ ನಾನು ಕೈ ಮುಗಿಯುವುದು ಸುಮ್ಮನೆ ಅಲ್ಲ.

ಐ.ಡಿ.ಹಳ್ಳಿ ಹತ್ತಿರದ ನಮ್ಮೂರಲ್ಲಿ ಅವ್ವನ ಬಾಯಿ ಎಂದರೆ ಹೆದರಿಕೆ. ಕೋಳಿ, ನಾಯಿ, ಪಂಚಾಯ್ತಿ ಮೆಂಬರು, ಯಾರನ್ನೂ ಬಿಟ್ಟವಳಲ್ಲ. ಹೆಚ್ಚಿನ ಪಾಲು ಮಾತ್ರ ಅಪ್ಪನದು. ಅಪ್ಪ ಬೈಸಿಕೊಂಡು, ಮೀಸೆಯಡಿ ನಕ್ಕು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಕಡಲೆಕಾಯಿ ಕೀಳುವ ದಿನಗಳು. ಅವತ್ತು ಮುದ್ದೆ ಇನ್ನೂ ಒಲೆಯ ಮೇಲಿರುವಾಗಲೇ ಅಪ್ಪ ಹೊಲಕ್ಕೆ ಹೊರಟ. ಅವ್ವನಿಗೆ ಸಿಟ್ಟು ನೆತ್ತಿಗೇರಿತು. “ಉಣ್ಣಕ್ಕೂ ಪುರುಸೊತ್ತಿಲ್ವಾ ನಿಂಗೆ? ಹೋಗು, ಎತ್ಲಾಗಾದ್ರೂ ಹಾಳಾಗಿ ಹೋಗು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹೊಲದಲ್ಲಿ ಎದೆ ಹಿಡಿದುಕೊಂಡು ಕೂತ ಅಪ್ಪ ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅವ್ವ ನನ್ನ ಕೈ ಹಿಡಿದು, “ನನ್ ನಾಲ್ಗೆ ಅವ್ನ ತಿಂದ್ಬುಡ್ತು ಕಣೇ” ಎಂದಳು. ಅಷ್ಟೇ. ಆಮೇಲೆ ಮಾತಿಲ್ಲ, ಅಳುವಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು ಉಂಡು ಕೈ ತೊಳೆಯುತ್ತಿದ್ದಳು. ಮನೆ ತುಂಬ ನೆಂಟರಿದ್ದರೂ ಅವ್ವನ ದನಿ ಇಲ್ಲದ ಆ ಮನೆಯಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ತಿಥಿಯ ದಿನ ಎಲ್ಲರ ಎದುರಿಗೇ ಅಂದುಬಿಟ್ಟಳು: “ಇವ್ಳು ಹಿಂಗೇ ಬಾಯಿ ಕಟ್ಕಂಡ್ ಕೂತ್ರೆ ನನ್ ತಮ್ಮನ ಹಿಂದೇನೇ ಹೋಗ್ತಾಳೆ ಕಣ್ರೋ. ನಡೀರಿ ನಾಳೆ ಪಿಚ್ಚರ್‌ಗೆ.”

ಕರೆದುಕೊಂಡು ಹೋದವನು ಚಿಕ್ಕಪ್ಪ, ಅಪ್ಪನ ತಮ್ಮ. ಕೊನೆಯ ದಿನ ಹೊಲದಲ್ಲಿ ಅಪ್ಪನ ಜೊತೆಗಿದ್ದವನೂ ಅವನೇ. ಟಾಕೀಸಿಗೆ ಅವನು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಮುಚ್ಚಿದ್ದೂ, ಮಧುಗಿರಿ-ಶಿರಾದ ನಾಲ್ಕಾರು ಸಿನಿಮಾ ಹುಚ್ಚಿನವರು ಅದನ್ನು ಹಿಡಿದು, ಜನ ಅವಾರ್ಡ್ ಪಿಚ್ಚರ್ ಎನ್ನುವಂಥ ಚಿತ್ರಗಳನ್ನೇ ದಸರಾದಿಂದ ಕಾರ್ತಿಕದವರೆಗೆ ಭಾನುವಾರ ಭಾನುವಾರ ತೋರಿಸುತ್ತಿದ್ದುದೂ ನಮಗ್ಯಾರಿಗೂ ತಿಳಿಯದು. ಪೋಸ್ಟರಿನಲ್ಲಿ ಒಬ್ಬಳು ಮುದುಕಿ, ಒಂದು ಕುರಿ. ಅತ್ತೆ ನೋಡಿ, “ಭಕ್ತಿ ಪಿಚ್ಚರ್ ಇರ್ಬೇಕು” ಎಂದಳು.

ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು ಶಿರಾದ ಒಬ್ಬ ಸಾಬರು. ನಮ್ಮ ದಂಡು ಕಂಡು ಅವರಿಗೇ ಗಾಬರಿ. “ಅಮ್ಮಾ, ಇದ್ರಲ್ಲಿ ಫೈಟಿಂಗ್ ಇಲ್ಲ, ಹಾಡೂ ಇಲ್ಲ. ಆಮೇಲೆ ನಮ್ಮನ್ನ ಬೈಬೇಡಿ.”

ಅತ್ತೆ ಬಿಡುವವಳೇ? “ಬೈಯೋಳು ಬೈಯೋದು ನಿಲ್ಸವ್ಳೆ ಸಾಬ್ರೇ, ಅದ್ಕೇ ಬಂದಿರೋದು” ಎಂದು ಅವ್ವನನ್ನು ಮುಂದಕ್ಕೆ ತಳ್ಳಿದಳು. ಚಿಕ್ಕಪ್ಪನ ಬೋಳು ತಲೆ ನೋಡಿ ಅವರಿಗೆ ಅರ್ಥವಾಯಿತು. ಇನ್ನೇನೂ ಕೇಳದೆ ಹಿಂದಿನ ಸಾಲಿನಲ್ಲಿ ಕೂರಿಸಿ ನಮಗೆಂದೇ ಫ್ಯಾನ್ ಹಾಕಿದರು.

ಸಿನಿಮಾ ಯಾವುದೋ ಹಿಮ ಬೀಳುವ ದೇಶದ್ದು. ತುಂಬ ಹೊತ್ತು ಒಂದು ಕುರಿ ನಮ್ಮನ್ನೇ ನೋಡುತ್ತಿತ್ತು, ನಾವು ಕುರಿಯನ್ನು ನೋಡುತ್ತಿದ್ದೆವು. “ರೀಲು ಸಿಗಾಕ್ಕಂಡದೆ ಅನ್ಸುತ್ತೆ” ಎಂದ ಚಿಕ್ಕಪ್ಪ. ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರುತ್ತಿತ್ತು. ನಾನು ಹೊಳವನಹಳ್ಳಿ ಹೈಸ್ಕೂಲಿನ ಟೀಚರು ತಾನೇ, ಓದಿ ಓದಿ ಕನ್ನಡದಲ್ಲಿ ಪಿಸುಗುಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಪರದೆಯ ಕಡೆ ಮುಖ ಮಾಡಿದ್ದಳು, ನೋಡುತ್ತಿದ್ದಳೋ ಇಲ್ಲವೋ ದೇವರೇ ಬಲ್ಲ.

ಆಮೇಲೆ ಪರದೆಯ ಮುದುಕಿ ಗಂಡನನ್ನು ಬೈಯಲು ಶುರು ಮಾಡಿದಳು. ಸೊಂಟದ ಮೇಲೆ ಕೈ, ಒಂದೇ ಉಸಿರು. ಅದಕ್ಕೆ ನನ್ನ ಕನ್ನಡ ಬೇಕಾಗಲಿಲ್ಲ. “ಅಯ್ಯೋ, ಇವ್ಳು ನಮ್ಮೋಳೇ ಕಣಮ್ಮ” ಎಂದಳು ಅತ್ತೆ. ಮುದುಕ ಉಣ್ಣುತ್ತಿದ್ದ ತಟ್ಟೆ ಸರಿಸಿ, ತಪ್ಪಿಸಿಕೊಂಡ ಕುರಿಯನ್ನು ಹುಡುಕಲು ಹಿಮಕ್ಕೆ ಇಳಿದ. ಮುದುಕಿ ಬಾಗಿಲಿಗೆ ಬಂದು ಏನೋ ಕಿರುಚಿದಳು. ‘ಹೋಗು, ಅಲ್ಲೇ ಸಾಯಿ’ ಎಂದಿತ್ತು ಕೆಳಗೆ. ಅದೊಂದನ್ನು ಮಾತ್ರ ನಾನು ಕನ್ನಡ ಮಾಡಿ ಹೇಳಲಿಲ್ಲ. ಆದರೆ ಅವ್ವನ ಬೆನ್ನು ನೆಟ್ಟಗಾಯಿತು. ಬಿಳಿ ಬಯಲಲ್ಲಿ ಮುದುಕ ಸಣ್ಣಗಾಗುತ್ತ ಹೋದ ಹಾಗೆ ಅವಳು ಎದ್ದೇ ನಿಂತಳು.

“ಲೋ ಮುದುಕಪ್ಪಾ! ಬಾರೋ ಹಿಂದಕ್ಕೆ! ಅವ್ಳು ಬಾಯ್ಮಾತಿಗಂದ್ಳು ಕಣೋ! ತಲೆಗೊಂದು ಟೋಪಿನಾರ ಹಾಕ್ಕಂಡ್ ಹೋಗೋ!”

ಟಾಕೀಸಿನ ಗೋಡೆಯೆಲ್ಲ ಮೊಳಗಿತು. ಮುಂದಿನ ಸಾಲಿನ ಜುಬ್ಬಾದವನೊಬ್ಬ ತಿರುಗಿ “ಶ್...” ಎಂದ. ಅವನ ತಲೆಗೊಂದು ಮೊಟಕಬೇಕು ಎನ್ನಿಸಿತು ನನಗೆ, ಎಷ್ಟಾದರೂ ಅವಳ ಮಗಳಲ್ಲವೇ. ಅಷ್ಟರಲ್ಲಿ ಈ ಪ್ರದರ್ಶನಗಳನ್ನೆಲ್ಲ ನಡೆಸುವ ನಿವೃತ್ತ ಮೇಷ್ಟ್ರು ಕತ್ತಲಲ್ಲೇ ಎದ್ದು, “ಮಾತಾಡ್ಲಿ ಬಿಡಿ, ಅವರಿಗೆ ಸಿನಿಮಾ ಅರ್ಥ ಆಗಿದೆ” ಎಂದರು. ಯಾರೂ ಮತ್ತೆ ಕಮಕ್ ಕಿಮಕ್ ಅನ್ನಲಿಲ್ಲ. ಈಗ ನಾವು ಪ್ರತಿ ವರ್ಷ ಹೋಗುತ್ತೇವೆ, ಅವ್ವ ಪರದೆಯ ಜೊತೆ ಜಗಳವಾಡುತ್ತಾಳೆ, ಅಲ್ಲಿ ಅವಳಿಗೆ ಸುಮ್ಮನಿರಿ ಎಂದವರಿಲ್ಲ. ಆ ಮೇಷ್ಟ್ರ ಹೊಟ್ಟೆ ತಣ್ಣಗಿರಲಿ.

ಅವತ್ತು ಅವ್ವ ಕುಸಿದು ಕೂತು, “ನಾನೂ ಬಾಯ್ಮಾತಿಗೇ ಅಂದಿದ್ದು, ನಾನೂ ಬಾಯ್ಮಾತಿಗೇ ಅಂದಿದ್ದು” ಎಂದು ಗೋಳೋ ಎಂದು ಅತ್ತಳು. ಅತ್ತೆ ಅವಳನ್ನು ತಬ್ಬಿಕೊಂಡಳು. ಚಿಕ್ಕಪ್ಪ ಮಾತ್ರ ಮಂಕು ಬಡಿದವನಂತೆ ನೋಡುತ್ತಿದ್ದ. ಅವ್ವ ಯಾಕೆ ಬಾಯಿ ಕಟ್ಟಿಕೊಂಡಿದ್ದಳು ಎಂಬುದು ಅವನಿಗೆ ಹೊಳೆದದ್ದು ಆಗಲೇ. ಗಂಡ ಹೋದ ದುಃಖ ಎಂದುಕೊಂಡಿದ್ದನಂತೆ ಪಾಪ.

“ಅತ್ಗೆಮ್ಮಾ,” ಎಂದ, “ಅಣ್ಣ ಅವತ್ತು ಹೊಲಕ್ಕೆ ನಕ್ಕೊಂಡೇ ಬಂದಿದ್ದು. ‘ಬೆಳಬೆಳಗ್ಗೇನೇ ಮಂಗಳಾರತಿ ಆಯ್ತು ಕಣ್ಲಾ, ಇನ್ನು ಇವತ್ತು ಯಾವ ಪೀಡೇನೂ ಹತ್ರ ಬರಲ್ಲ’ ಅಂದ. ಬದಿನ ಮೇಲೆ ಕೂತು ನನ್ ಬುತ್ತಿ ಬಿಚ್ಚಿ ರೊಟ್ಟಿ ತಿಂದ.”

ಅವ್ವನ ಅಳು ತಟ್ಟನೆ ನಿಂತಿತು. “ರೊಟ್ಟಿ ತಿಂದ್ನಾ?”

“ತಿಂದ. ನಂಗೆ ಅರ್ಧ ಉಳಿಸ್ದ ಅಷ್ಟೆ.”

“ನಕ್ನಾ?”

“ನಕ್ಕ ಅತ್ಗೆಮ್ಮಾ. ‘ಅವ್ಳು ಬೈಯದೇ ಕಳಿಸಿದ್ ದಿನ ನಂಗೆ ಹೊಲದ ದಾರೀನೇ ಸಿಗಲ್ಲ’ ಅಂತನೂ ಅಂದ. ಸತ್ತೋನು ಹೆಂಡ್ತೀನ ಆಡ್ಕಂಡ್ ಮಾತ ತಿಥಿ ಮನೇಲಿ ಹೆಂಗ್ ಹೇಳ್ಲಿ ಅಂತ ಸುಮ್ಕಿದ್ದೆ.”

ಅವ್ವ ಸೆರಗಿನಿಂದ ಮುಖವನ್ನೆಲ್ಲ ಗಟ್ಟಿಯಾಗಿ ಒರೆಸಿಕೊಂಡಳು. ಚಿಕ್ಕಪ್ಪನ ಕಡೆಗೆ ಪೂರ್ತಿ ತಿರುಗಿದಳು.

“ಸುಮ್ಕಿದ್ಯಾ? ಇಷ್ಟ್ ದಿನ ಇದ್ನ ಬಾಯೊಳ್ಗೆ ಇಟ್ಕಂಡು ನನ್ ಮನೇಲೇ ಕೂತು ಉಂಡ್ಯಲ್ಲೋ, ನಿನ್ ಮನೆ ಹಾಳಾಗ! ನಿನ್ ಬಾಯಿಗೆ ಮಣ್ ಬೀಳ!”

ಚಿಕ್ಕಪ್ಪ ಬೋಳು ತಲೆ ತಗ್ಗಿಸಿ, ಕಣ್ಣಲ್ಲಿ ನೀರು ಸುರಿಸುತ್ತ ಕೈ ಮುಗಿದ.

“ಬೈಯಿ ಅತ್ಗೆಮ್ಮ, ಇನ್ನೂ ಬೈಯಿ.”