ಖಾಲಿ ಕೋಣೆಯಲ್ಲಿ ಕೂತವಳು

ನಾನು ಕೋಣೆಯಲ್ಲೇ ಕೂತಿದ್ದೆ. ಕೋಣೆಯಲ್ಲಿ ಯಾರೂ ಇಲ್ಲ ಎಂದು ಫೋನು ಹೇಳಿತು.

ಸ್ಕಾಟ್ಲೆಂಡಿಗೆ ಬಂದ ಹೊಸದು. ಬೆಳಗಿನ ಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಯೊಳಗಿಟ್ಟು ಕಣ್ಣೆತ್ತಿದರೆ ಹಲ್ಲು ಕಟಕಟ ಅನ್ನುತ್ತಿದ್ದವು. ಕೋಣೆ ಐಸಿನಂತಾಗಿತ್ತು. ಕಾಲೇಜಿನವರು ಫೋನಿಗೆ ಹಾಕಿಕೊಟ್ಟಿದ್ದ ಆ್ಯಪ್ ತೆರೆದು ನೋಡಿದೆ. ನಮ್ಮ ಹಾಸ್ಟೆಲಿನ ನಕ್ಷೆಯಲ್ಲಿ ಅಕ್ಕಪಕ್ಕದ ಕೋಣೆಗಳೆಲ್ಲ ಕೆಂಪಗೆ ಬೆಳಗುತ್ತಿದ್ದವು. ನನ್ನ ಕೋಣೆಯ ಚೌಕ ಮಾತ್ರ ಕಪ್ಪಾಗಿತ್ತು, ಕೆಳಗೆ ‘ಖಾಲಿ’ ಎಂದಿತ್ತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು. ಊರು ಬಿಟ್ಟು ಇಷ್ಟು ದೂರ ಬಂದವಳಿಗೆ ನೀನು ಇಲ್ಲಿ ಇಲ್ಲವೇ ಇಲ್ಲ ಅಂದರೆ ಹೇಗಾಗಬೇಡ.

ನಾನು ಹುಮನಾಬಾದಿನವಳು. ಅಲ್ಲಿ ಅವ್ವ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಜೊತೆಗಿದ್ದಾರೆ. ನಾನು ದಿನಾ ಬಸ್ಸು ಹತ್ತಿ ಬಸವಕಲ್ಯಾಣದ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಹಳೆಯ ಪುಸ್ತಕಗಳನ್ನು ಹುಳ ಮತ್ತು ತೇವದಿಂದ ಕಾಪಾಡುವ ವಿದ್ಯೆ ಕಲಿಯಲು ಎರಡು ವರ್ಷದ ಅವಕಾಶ ಸಿಕ್ಕಿತು, ಬಂದೆ. ಹೊರಡುವಾಗ ಅವ್ವ ಕೇಳಿದ್ದು ಒಂದೇ ಮಾತು.

“ಎಂಥಾವರೆ ಅರಬಿ ಹಾಕ್ಕೊ, ಯಾವಾಗರೆ ಮಲ್ಕೊ, ನಾ ಏನೂ ಅನ್ನಂಗಿಲ್ಲ. ಮುಂಜಾನಿ ಪೂಜಿ ಒಂದು ಬಿಡಬ್ಯಾಡ ನೋಡವ್ವಾ.”

ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅವ್ವನ ಸಲುವಾಗಿ ಮಾತ್ರವಲ್ಲ. ನನ್ನ ಭಾಷೆ ಇಲ್ಲ, ನನ್ನ ಊಟ ಇಲ್ಲ, ನನ್ನ ಹೆಸರನ್ನು ಸರಿಯಾಗಿ ಕರೆಯುವವರಿಲ್ಲ. ಅಂಗೈ ಮೇಲಿನ ಲಿಂಗವೂ ಹೋದರೆ ಹುಮನಾಬಾದಿನಿಂದ ಹೊರಟವಳು ಇವಳೇ ಎಂದು ನನಗೇ ಗುರುತು ಸಿಗುತ್ತಿರಲಿಲ್ಲ.

ಇಲ್ಲಿನ ಬೆಚ್ಚಗಿನ ವ್ಯವಸ್ಥೆಯನ್ನು ಮೊದಲು ಹೇಳಿಬಿಡುತ್ತೇನೆ. ಪ್ರತಿ ಕೋಣೆಯ ಕಿಟಕಿಯ ಕೆಳಗೆ ಗೋಡೆಗೆ ಒಂದು ಕಬ್ಬಿಣದ ಹಲಗೆ ಇರುತ್ತದೆ, ಅದೇ ರೇಡಿಯೇಟರ್. ನೆಲಮಾಳಿಗೆಯಲ್ಲಿ ಕಾದ ನೀರು ಕೊಳವೆಗಳಲ್ಲಿ ಹತ್ತಿ ಬಂದು ಈ ಹಲಗೆಯೊಳಗೆ ಸುತ್ತಿ ವಾಪಸು ಇಳಿಯುತ್ತದೆ. ನಮ್ಮಲ್ಲಿ ಬಂಬದಲ್ಲಿ ನೀರು ಕಾಸುವುದು ಮೈಮೇಲೆ ಹೊಯ್ದುಕೊಳ್ಳುವುದಕ್ಕೆ. ಇಲ್ಲಿ ಯಾರ ಮೈಗೂ ತಾಗದ ನೀರು ಒಂದಿಡೀ ಕಟ್ಟಡದ ಜನರನ್ನು ಕಾಯುತ್ತದೆ. ಹಲಗೆಯ ಮೂಲೆಯಲ್ಲಿ ಮುಷ್ಟಿಯಷ್ಟು ದಪ್ಪದ ಬಿಳಿ ತಿರುಗಣಿಯೊಂದಿದೆ. ಅದಕ್ಕೆ ಯಾರೂ ಕೈ ಹಚ್ಚಬೇಕಿಲ್ಲ, ತಾನೇ ಗುರ್ರ್ ಎಂದು ತಿರುಗುತ್ತದೆ. ಕಿಟಕಿ ತೆರೆದರೆ ಬಿಸಿನೀರು ತಡೆಯುತ್ತದೆ. ಗೋಡೆಯ ಮೇಲಿನ ಚಿಕ್ಕ ಬಿಳಿ ಡಬ್ಬಿಗೆ ಕೋಣೆಯಲ್ಲಿ ಓಡಾಟ ಕಾಣದಿದ್ದರೆ ಶಾಖ ಇಳಿಸುತ್ತದೆ. ಮೊದಲೆಲ್ಲ ಹುಡುಗರು ಕಿಟಕಿ ತೆರೆದಿಟ್ಟು ಕ್ಲಾಸಿಗೆ ಹೋಗುತ್ತಿದ್ದರಂತೆ, ಹಗಲೆಲ್ಲ ಬೀದಿ ಬೆಚ್ಚಗಾಗುತ್ತಿತ್ತಂತೆ. ಈಗ ಹಾಗಿಲ್ಲ. ಮೊದಲ ಸಲ ಆ ತಿರುಗಣಿ ತಾನೇ ತಿರುಗಿದ್ದು ಕಂಡಾಗ ನಾನು ಎದ್ದು ನಿಂತುಬಿಟ್ಟಿದ್ದೆ.

ರಾತ್ರಿ ಎಲ್ಲರ ಕೋಣೆಗೂ ಒಂದೇ ಕಡಿಮೆ ಶಾಖ. ಬೆಳಿಗ್ಗೆ ಯಾರು ಎದ್ದು ಓಡಾಡುತ್ತಾರೋ ಅವರ ಕೋಣೆ ಬೆಚ್ಚಗಾಗುತ್ತದೆ. ನನ್ನ ಗೋಳು ಇಲ್ಲೇ ಇತ್ತು. ಎದ್ದವಳು ನೇರ ಸ್ನಾನಕ್ಕೆ ಹೋಗುತ್ತೇನೆ, ಸ್ನಾನದ ಮನೆ ಇರುವುದು ಹೊರಗೆ ಪಡಸಾಲೆಯ ತುದಿಗೆ. ಬಂದವಳು ವಿಭೂತಿ ಹಚ್ಚಿಕೊಂಡು, ಎಡಗೈ ಮೇಲೆ ಲಿಂಗವಿಟ್ಟು, ಅದರ ಮೇಲೆ ಕಣ್ಣು ನೆಟ್ಟು ಕೂಡುತ್ತೇನೆ. ರೆಪ್ಪೆ ಕೂಡ ಹೆಚ್ಚು ಆಡಬಾರದು ಅಂತ ಚಿಕ್ಕಂದಿನಿಂದ ಕಲಿಸಿದ್ದಾರೆ. ಇತರರೆಲ್ಲ ಹಾಸಿಗೆ ಕೊಡವಿ, ಬಟ್ಟೆ ಹುಡುಕಿ, ಕುಣಿದಾಡಿ ಕೋಣೆ ಕಾಯಿಸಿಕೊಳ್ಳುವ ಹೊತ್ತಿನಲ್ಲಿ ನಾನು ಅಲುಗಾಡದೆ ಕೂತಿರುತ್ತಿದ್ದೆ.

ಉಪಾಯಗಳನ್ನೇನು ಕಮ್ಮಿ ಮಾಡಲಿಲ್ಲ. ನಡುನಡುವೆ ಬಲಗೈ ಬೀಸಿದೆ. ಪೂಜೆ ಮಾಡುವವಳು ನೊಣ ಓಡಿಸುವವಳಾದೆ. ಒಂದು ಚಿಕ್ಕ ಫ್ಯಾನು ತಂದು ಅದರ ಮುಂದೆ ಸೀರೆಯ ಸೆರಗು ಹಾರಾಡಲು ಬಿಟ್ಟೆ. ಮಂಜು ಬೀಳುವ ದೇಶದಲ್ಲಿ ಫ್ಯಾನು ಹಚ್ಚಿಕೊಂಡು ಕೂತ ಮಹಾ ಜಾಣೆ ನಾನೊಬ್ಬಳೇ ಇದ್ದೇನು. ಗೋಡೆಯ ಡಬ್ಬಿಗೆ ಬೇಕಾದದ್ದು ಬೆಚ್ಚಗಿನ ಮೈಯ ಚಲನೆಯಂತೆ, ಸೆರಗನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೆಮ್ಮು ಹತ್ತಿತು. ಪೂಜೆ ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ಮುಂಜಾನೆ ಹಾಸಿಗೆಯಿಂದ ಏಳದೆ, ಇವತ್ತು ಬೇಡ ಎಂದು ಹೊದ್ದು ಮಲಗಿದೆ. ಆ ದಿನವೆಲ್ಲ ಯಾರ ಮುಖ ನೋಡಲೂ ನಾಚಿಕೆಯಾಯಿತು.

ಸಂಜೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ಕೇಳಿದಳು.

“ತಡಿ ತಡಿ. ನೀ ಪೂಜ್ಯಾಗ ಕುಂತಾಗ ಆ ಮಿಷನ್ ಏನಂತದ?”

“ಕೋಣೆಯಾಗ ಯಾರೂ ಇಲ್ಲ ಅಂತದವ್ವಾ. ಖಾಲಿ ಅಂತ ತೋರಸ್ತದ.”

“ಖರೇನಽ?”

“ಖರೇನೇ. ನಿನ್ನಾಣಿ.”

ಅವ್ವನ ಮುಖ ಅರಳಿತು. “ಪೂಜ್ಯಾಗ ನಾನು ಅನ್ನೋದು ಇರಬಾರ್ದು ಅಂತ ಅಯ್ನೋರು ಹೇಳಿ ಹೇಳಿ ಸಾಕಾದ್ರು. ಇಷ್ಟು ವರ್ಷ ಮಾಡೇನಿ, ನನಗ ಒಂದಿನ ಸೈತ ಹಂಗ ಆಗಿಲ್ಲ, ಗಿರಣಿ ಬೆಲ್ಟಿನ ಮ್ಯಾಲೇ ಧ್ಯಾನ ಇರ್ತದ. ನಿನಗ ಪರದೇಶದ ಮಿಷನ್ನೇ ಬಂದು ಸಾಕ್ಷಿ ಹೇಳಾಕತ್ತದ, ನೀ ನೋಡಿದ್ರ ಅಳಾಕತ್ತಿ.”

ಬಯಲಾಗುವುದು, ಅಂದರೆ ನಾನು ಅನ್ನುವುದು ಕರಗಿ ಶೂನ್ಯದಲ್ಲಿ ಸೇರುವುದು, ಅನ್ನುವ ಮಾತು ಕಲ್ಯಾಣದ ನೆಲದಲ್ಲಿ ಬೆಳೆದವರ ಕಿವಿಗೆ ಹೊಸದಲ್ಲ. ಪ್ರವಚನದಲ್ಲಿ ಕೇಳುತ್ತ ತೂಕಡಿಸಿದವಳು ನಾನು. ಖರೇ ಹೇಳಬೇಕೆಂದರೆ ಪೂಜೆಗೆ ಕೂತ ಆ ಹೊತ್ತಿನಲ್ಲಿ ನನ್ನ ಮನಸ್ಸು ಬಿಸಿ ಚಹಾದ ಮೇಲಿರುತ್ತಿತ್ತು. ಆದರೂ ಅವ್ವನ ಮಾತಿಗೆ ಮೈ ಜುಮ್ಮೆಂದಿತು. ನಮ್ಮ ಹಿರಿಯರು ಜೀವಮಾನವೆಲ್ಲ ಹುಡುಕಿದ ಒಂದು ಸಂಗತಿ ಇಲ್ಲಿ ಗೋಡೆಯ ಮೇಲಿನ ಬಿಳಿ ಡಬ್ಬಿಯಲ್ಲಿ, ಬೇರೆಯದೇ ಅರ್ಥದಲ್ಲಿ, ಕೂತಿತ್ತು.

“ಆದ್ರ ಥಂಡ್ಯಾಗ ಸಾಯಬ್ಯಾಡ,” ಅಂದಳು ಅವ್ವ. “ಅಲ್ಲಿ ಯಾರು ನೋಡ್ಕೋತಾರ, ಅವ್ರಿಗಿ ಹೋಗಿ ಹೇಳು.”

ನೋಡಿಕೊಳ್ಳುವವನು ಈಯನ್, ಹಾಸ್ಟೆಲಿನ ಮೇಲ್ವಿಚಾರಕ, ನಿವೃತ್ತಿಯ ಅಂಚಿನವನು. ಇಲ್ಲಿಯವರು ಹೌದು ಅನ್ನಲು ‘ಆಯ್’ ಅನ್ನುತ್ತಾರೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದು ರೂಢಿ. ಇಷ್ಟು ದೊಡ್ಡ ಗಂಡಸು ಮಾತು ಮಾತಿಗೆ ಅಜ್ಜಿಯನ್ನು ಯಾಕೆ ಕರೆಯುತ್ತಾನೆ ಎಂದು ಮೊದಲು ನನಗೆ ಸೋಜಿಗ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಹಗಲೇ ಕತ್ತಲಾದಂಥ ದಿನಕ್ಕೆ ಇವರು ‘ಡ್ರೀಖ್’ ಅನ್ನುತ್ತಾರೆ. ಅಂಥ ಡ್ರೀಖ್ ಮುಂಜಾನೆಯೊಂದರಲ್ಲಿ ಅವನ ಮುಂದೆ ನಿಂತೆ. ಎಲ್ಲರೂ ಶಾಖ ಉಳಿಸಿ ಹೆಮ್ಮೆಪಡುವ ಮನೆಯಲ್ಲಿ ನನಗೊಬ್ಬಳಿಗೆ ಹೆಚ್ಚು ಕೊಡು ಎಂದು ಹೇಗೆ ಕೇಳುವುದು? 

“ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ನಾನು ಕೋಣೆಯಲ್ಲಿ ಅಲುಗಾಡದೆ ಇರುತ್ತೇನೆ,” ಅಂದೆ.

“ನಿದ್ದೆಯಾ?” ಎಂದು ಕೇಳಿದ.

“ಅಲ್ಲ. ಪೂರ್ತಿ ಎಚ್ಚರವಾಗಿರುತ್ತೇನೆ.”

ಈಯನ್ ಎದ್ದು, ಬಾ ಎಂದ. ಆಮೇಲೆ ನೆಲಮಾಳಿಗೆಗೆ ಕರೆದೊಯ್ದು ದೊಡ್ಡ ಪರದೆಯ ಮುಂದೆ ನಿಲ್ಲಿಸಿದ. ಕಟ್ಟಡ ಏಳುವ ಹೊತ್ತು. ಒಂದೊಂದೇ ಚೌಕ ಕೆಂಪಾಗುತ್ತ ಹೋಯಿತು. ಇವಳು ಎದ್ದಳು, ಅವನು ಎದ್ದ, ಅಡುಗೆಮನೆಗೆ ಯಾರೋ ಹೊಕ್ಕರು. ನಮ್ಮ ಓಣಿಯಲ್ಲಿ ಅಂಗಳಕ್ಕೆ ನೀರು ಹೊಡೆದ ಸಪ್ಪಳದಿಂದ ಯಾರು ಎದ್ದರೆಂದು ತಿಳಿಯುತ್ತದೆ. ಇಲ್ಲಿ ಒಂದು ಸಪ್ಪಳವಿಲ್ಲದೆ ಒಂದು ಓಣಿಯೇ ಎದ್ದು ಕೂತಿತು. ಎಷ್ಟು ಜನರಿದ್ದಾರೋ ಅಷ್ಟಕ್ಕೇ ಬಿಸಿ, ಒಂದು ಹನಿ ಹೆಚ್ಚಿಲ್ಲ. ನಾನು ಬಾಯಿ ತೆರೆದು ನೋಡಿದೆ.

“ಕೋಣೆಯ ಡಬ್ಬಿಗೆ ಓಡಾಟ ಮಾತ್ರ ಗೊತ್ತು,” ಅಂದ ಈಯನ್. “ಸುಮ್ಮನೆ ಇರುವವರು ಇದ್ದಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಯಾವ ಹೊತ್ತು ಹೇಳು.”

ಹೇಳಿದೆ. ಆ ಹೊತ್ತಿಗೆ ನನ್ನ ಕೋಣೆಯಲ್ಲಿ ಜನ ಇದ್ದಾರೆಂದೇ ತಿಳಿಯಬೇಕು ಎಂದು ಅವನು ಯಂತ್ರಕ್ಕೆ ಬರೆದಿಟ್ಟ. ಮರುದಿನ ಬೆಚ್ಚಗೆ ಕೂತು ಪೂಜೆ ಮಾಡಿದೆ. ಅಂಗೈ ನಡುಗಲಿಲ್ಲ. ಆ ವಾರವೇ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯೂ ಹರಿಯದೆ ಬಂತು. ರೊಟ್ಟಿ ಬಡಿಯುವ ಸದ್ದಿಗೆ ಬಾಗಿಲು ಬಡಿದರೆಂದು ಓಡಿಬಂದ ಇಬ್ಬರು ಹುಡುಗಿಯರು ಉಂಡೇ ಹೋದರು. ಅಂದಿನಿಂದ ಇದನ್ನೂ ಮನೆ ಅನ್ನತೊಡಗಿದೆ.

ಕ್ರಿಸ್‌ಮಸ್ ರಜೆಗೆ ಹುಮನಾಬಾದಿಗೆ ಬಂದೆ. ಎರಡನೆಯ ದಿನ ಗಿರಣಿಯಲ್ಲಿ ಅವ್ವನ ಜೊತೆ ನಿಂತಿದ್ದೆ, ಮಧ್ಯಾಹ್ನ ಜೋಳ ಬೀಸುವ ಹೊತ್ತು. ಸ್ಕಾಟ್ಲೆಂಡಿನಲ್ಲಿ ಆಗ ಇನ್ನೂ ಬೆಳಗು. ಫೋನು ಸದ್ದು ಮಾಡಿತು. ನನ್ನ ಕೋಣೆ ಬೆಚ್ಚಗಾಗುತ್ತಿತ್ತು. ರಜೆಯಲ್ಲಿ ಕಟ್ಟಡವೆಲ್ಲ ಕಪ್ಪು, ನನ್ನದೊಂದು ಚೌಕ ಕೆಂಪಗೆ, ಕೆಳಗೆ ‘ಜನ ಇದ್ದಾರೆ’.

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. “ಅಲ್ಲಿ ಯಾರು ಕುಂತಾರ?”

“ಯಾರೂ ಇಲ್ಲವ್ವಾ. ನಾನೇ ಅಂತ ತಿಳಕೊಂಡದ ಅದು.”

“ಹಂಗಾದ್ರ ಬಂದ್ ಮಾಡು. ಕಾಳಿಲ್ಲದ ಗಿರಣಿ ಯಾರರೆ ತಿರುಗಸ್ತಾರೇನು?”

ಅವಳ ಮಾತು ಸರಿಯೇ. ಈಯನ್ ಇದ್ದಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಆದರೂ ಬೆರಳು ಮುಂದಾಗಲಿಲ್ಲ. ಆ ಊರಿನಲ್ಲಿ ನಾನೊಬ್ಬಳು ಇದ್ದೇನೆ ಎಂದು ಒಪ್ಪಿಸಲು ಎಷ್ಟು ಒದ್ದಾಡಿದ್ದೆ ಎಂದು ಅವ್ವನಿಗೆ ಹೇಗೆ ಹೇಳಲಿ? ಕಡೆಗೆ ಆ್ಯಪಿನಲ್ಲಿ ‘ಊರಲ್ಲಿಲ್ಲ’ ಎಂಬುದನ್ನು ಒತ್ತಿದೆ. ಚೌಕ ಕಪ್ಪಾಯಿತು.

“ಈಗ ನೋಡು, ಪೂರಾ ಮನಿಗಿ ಬಂದಿ,” ಎಂದು ಅವ್ವ ನನ್ನ ಬೆನ್ನು ಸವರಿದಳು.

ಹೂಂ ಅನ್ನಲು ಹೋದೆ, ಅಳು ಬಂದುಬಿಟ್ಟಿತು. ಮನೆಗೆ ಬಂದ ಖುಷಿಗೆ ಅಳುತ್ತಿದ್ದೇನೆಂದು ತಿಳಿದು ಅವ್ವ ನಕ್ಕಳು. ಅರ್ಧ ಅದು ನಿಜವೂ ಆಗಿತ್ತು.