ಸೆರಗಿನ ಜಿಡ್ಡು

ಕಡೇಚೂರಿನ ಕಾರ್ಖಾನೆಯಲ್ಲಿ ನಾನು ಕಸ ಗುಡಿಸುತ್ತಿದ್ದೆ. ಅಲ್ಲಿ ತಾಮ್ರ, ಅಲ್ಯೂಮಿನಿಯಂ ಹಾಳೆಗಳನ್ನು ತಂತಿಬ್ರಷ್‌ನಿಂದ ಉಜ್ಜಿ, ಜೋಡಿಸಿ, ರೋಲರಿನಲ್ಲಿ ಒತ್ತಿ ಒಂದಾಗಿಸುತ್ತಾರೆ. ಉಜ್ಜಿದ ಮೇಲೆ ಮುಟ್ಟಬಾರದೆಂದು, ಜಿಡ್ಡು ತಾಗಿದರೆ ಹಾಳೆಗಳು ಅಂಟುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಉಜ್ಜುವ ಕೆಲಸದ ಮಲ್ಲಮ್ಮ ಉಜ್ಜಿಟ್ಟಿದ್ದ ಹಾಳೆಗಳ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿಬಿಟ್ಟೆ. ಕುಂದಾಪುರ ಬಿಟ್ಟು ನಲವತ್ತು ವರ್ಷವಾದರೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಟ್ಟಿಲ್ಲ. ಸೆರಗಿಗೂ ಅದೇ ಜಿಡ್ಡು.

ರೋಲರಿನಿಂದ ಒಂದೇ ಹಾಳೆಯಂತೆ ಹೊಳೆಯುತ್ತ ಬಂದದ್ದು, ಮೇಸ್ತ್ರಿ ಬಗ್ಗಿಸಿದೊಡನೆ ಸಿಪ್ಪೆಯಂತೆ ಬಿಟ್ಟುಕೊಂಡಿತು.

“ಎಣ್ಣಿ ಕೈ ಹಚ್ಚೀದಿ ಏನ, ಮಲ್ಲಮ್ಮ? ನಾಳಿಂದ ಬರಬ್ಯಾಡ,” ಎಂದ ಮೇಸ್ತ್ರಿ.

“ಒರೆಸಿದ್ದು ನಾನು,” ಎಂದೆ.

“ಸುಮ್ನಿರು ಮುದುಕಿ. ಆಕೀನ ಉಳಸಾಕ ಸುಳ್ಳ ಹೇಳಾಕತ್ತಿ?”

ಗೇಟಿನ ಹತ್ತಿರ ಮಲ್ಲಮ್ಮ ನನ್ನ ಕೈ ಹಿಡಿದಳು. “ನನ್ನ ಸಲುವಾಗಿ ಸುಳ್ಳ ಹೇಳಿದ್ರಲ್ಲಾ ಯವ್ವಾ, ನಿಮ್ಮನ್ನ ಮರೆಯಂಗಿಲ್ರಿ.”

ಒಂದೇ ನಿಜವನ್ನು ಎರಡನೆಯ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ.