ಹಿಂದಿನ ಗಾಲಿಯ ಗುರುತು

೨೦೧೬ರ ಏಪ್ರಿಲ್‌ನಲ್ಲಿ ನಾನು ಡಾಲಸ್‌ಗೆ ಬಂದಿಳಿದದ್ದು ಊರು ನೋಡಲು ಅಲ್ಲ, ಒಂದು ಚಿತ್ರ ನೋಡಲು. ಹುಬ್ಬಳ್ಳಿಯ ಶಾಲೆಯಲ್ಲಿ ನನ್ನ ಹತ್ತಿರ ಚಿತ್ರಕಲೆ ಕಲಿತ ರಿಜ್ವಾನಾ ಹ್ಯೂಸ್ಟನ್‌ಗೆ ಹೋಗಿ ಅದರಲ್ಲೇ ದೊಡ್ಡ ಓದು ಮುಗಿಸಿದ್ದಳು. ಆಸ್ಟಿನ್‌ನ ಒಂದು ಗ್ಯಾಲರಿ ಅವಳ ಚಿತ್ರವನ್ನು ಪ್ರದರ್ಶನಕ್ಕೆ ಆರಿಸಿತ್ತು. ವೀಸಾ ಮುಗಿಯುತ್ತ ಬಂದಿತ್ತು. ಗ್ಯಾಲರಿಯವರು ಅವಳನ್ನು ತಮ್ಮ ಕಲಾವಿದೆ ಎಂದು ಕರಾರು ಮಾಡಿಕೊಂಡರೆ ಅದರ ಬಲದ ಮೇಲೆ ಅಲ್ಲಿ ಉಳಿಯಬಹುದಿತ್ತು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. “ಅಕ್ಕೋರ, ನೀವು ಬಂದ್ರ ನನಗ ಧೈರ್ಯ ಬರ್ತದರಿ,” ಎಂದು ಫೋನಿನಲ್ಲಿ ಹೇಳಿದ್ದಳು. ಹಂಚುವಷ್ಟು ಧೈರ್ಯ ನನ್ನಲ್ಲೇನೂ ಇರಲಿಲ್ಲ, ಆದರೂ ಹೊರಟೆ.

ಮೊದಲ ಎರಡು ದಿನ ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ, ಮೈಸೂರಿನಲ್ಲಿ ನನ್ನ ಜೊತೆ ಓದಿದ ವೀಣಾಳ ಮನೆಯಲ್ಲಿ ಉಳಿದೆ. ಅಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬೆಳಗಿನ ವಾಕಿಂಗ್‌ಗೆ ಹೋಗಿ ಬರುವಾಗ ಪಕ್ಕದ ಬೀದಿಯ ಯಾರದೋ ಮನೆಯ ಕರೆಗಂಟೆ ಒತ್ತಿ ಪೆಚ್ಚಾದೆ. ಉಪ್ಪಿಟ್ಟು ತಿನ್ನುತ್ತ ರಿಜ್ವಾನಾಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ವೀಣಾ ಹಿಗ್ಗಿಹೋದಳು.

“ಎಷ್ಟು ಚೆನ್ನಾಗಿದೆ ಕಣೇ, ಒಳ್ಳೆ ರಂಗೋಲಿ ಥರ! ನಮ್ಮ ಸಂಘದ ಯುಗಾದಿ ಫಂಕ್ಷನ್‌ಗೆ ಸ್ಟೇಜ್ ಹಿಂದೆ ಇಂಥದೇ ಒಂದು ಮಾಡಿಕೊಡ್ತಾಳಾ ಕೇಳು. ಶಾಲು ಹೊದಿಸಿ ಸನ್ಮಾನ ಮಾಡ್ತೀವಿ.”

“ಅದು ರಂಗೋಲಿ ಅಲ್ಲ ವೀಣಾ, ಲಾರಿ ಟೈರಿನ ಗುರ್ತು,” ಎಂದೆ.

“ಟೈರಾ?” ಅವಳ ಮುಖ ಇಳಿಯಿತು. “ಸರಿ ಬಿಡು, ಸಂಘದಲ್ಲಿ ರಂಗೋಲಿ ಅಂತಲೇ ಹೇಳೋಣ.”

ರಿಜ್ವಾನಾಳ ತಂದೆಗೆ ಹುಬ್ಬಳ್ಳಿಯ ಹೆದ್ದಾರಿ ಬದಿಯಲ್ಲಿ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ಅಂಗಡಿ ಇದೆ. ಅವಳು ಆಡಿ ಬೆಳೆದದ್ದು ಅಲ್ಲಿಯೇ. ಈಗ ದೊಡ್ಡ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಟೈರಿಗೆ ಕಪ್ಪು ಬಣ್ಣ ಬಳಿದು, ಎರಡೂ ಕೈಯಿಂದ ಉರುಳಿಸುತ್ತ ಹೋಗುತ್ತಾಳೆ. ಗುರುತಿನ ಮೇಲೆ ಗುರುತು ಬಿದ್ದು ಒಂದು ಜನಜಂಗುಳಿಯ ರಸ್ತೆಯೇ ಏಳುತ್ತದೆ. ಇದನ್ನೆಲ್ಲ ವೀಣಾಗೆ ವಿವರಿಸುವ ಉಮೇದು ನನಗೆ ಉಳಿದಿರಲಿಲ್ಲ.

ಮರುದಿನ ಇಪ್ಪತ್ತೈದು ಡಾಲರ್ ಕೊಟ್ಟು ಹ್ಯೂಸ್ಟನ್ ಬಸ್ಸು ಹತ್ತಿದೆ. ಇನ್ನೂರ ನಲವತ್ತು ಮೈಲಿ ದಾರಿ. ಹೊರಗೆ ಬಿಸಿಲು, ಒಳಗೆ ಎಸಿಯ ಕೊರೆತ. ಸೀರೆಯ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತೆ.

ರಿಜ್ವಾನಾ ಹ್ಯೂಸ್ಟನ್ ಅಂಚಿನ ಮಿಸೌರಿ ಸಿಟಿಯಲ್ಲಿ ಒಂದು ಗುಜರಾತಿ ಕುಟುಂಬದ ಗ್ಯಾರೇಜನ್ನು ಬಾಡಿಗೆಗೆ ಹಿಡಿದಿದ್ದಳು. ಅಲ್ಲೇ ವಾಸ, ಅಲ್ಲೇ ಕೆಲಸ. ನನಗಾಗಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಊಟಕ್ಕೆ ಇನ್ನೊಬ್ಬರು ಬಂದರು. ಅರ್ಲ್ ಎಂದು ಹೆಸರು, ಎಪ್ಪತ್ತು ದಾಟಿದ ಕಪ್ಪು ಜನಾಂಗದ ಚಿತ್ರಕಾರರು. ಕಾಲೇಜಿನಲ್ಲಿ ಚಿತ್ರಕಲೆಯ ಪ್ರೊಫೆಸರ್ ಆಗಿ ನಿವೃತ್ತರಾದವರು. ಆಸ್ಟಿನ್ ಪ್ರದರ್ಶನದಲ್ಲಿ ಅವರ ಚಿತ್ರವೂ ಇತ್ತು. ಗೋಡೆಯ ಮೇಲಿದ್ದ ರಿಜ್ವಾನಾಳ ಹೊಸ ಕ್ಯಾನ್ವಾಸಿನ ಮುಂದೆ ನಿಂತು ಅವರು ಕೇಳಿದ ಮೊದಲ ಮಾತೇ ನನ್ನನ್ನು ಗೆದ್ದಿತು.

“ಲಾರಿಯ ಹಿಂದಿನ ಗಾಲಿಯದಲ್ಲವೇ? ಮುಂದಿನದಕ್ಕೆ ಉದ್ದುದ್ದ ಗೆರೆ ಇರುತ್ತದೆ. ನನ್ನಪ್ಪ ಲಾರಿ ಓಡಿಸುತ್ತಿದ್ದ.”

ರೊಟ್ಟಿ ಮುರಿಯುತ್ತ ಅವರು ತಮ್ಮ ಕತೆ ಹೇಳಿದರು. ಆ ದೇಶದಲ್ಲಿ ಫೆಬ್ರವರಿ ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳು. ಆಗ ಅವರಿಗೆ ಫೋನು ಬರುತ್ತದೆ. ಬ್ಯಾಂಕು, ಲೈಬ್ರರಿ, ಆಫೀಸಿನ ಪಡಸಾಲೆಗಳಲ್ಲಿ ಅವರ ಚಿತ್ರ ತೂಗುತ್ತದೆ. ಮಾರ್ಚ್ ಬಂದೊಡನೆ ಗೋಣಿತಟ್ಟು ಸುತ್ತಿ ವಾಪಸ್ಸು ಕಳಿಸುತ್ತಾರೆ.

“ಉಳಿದ ತಿಂಗಳು?” ಎಂದು ಕೇಳಿದೆ.

“ಉಳಿದ ತಿಂಗಳು ಪಾಠ ಮಾಡಿದೆ. ನನ್ನ ಹತ್ತಿರ ಕಲಿತ ಬಿಳಿಯ ಹುಡುಗರು ಮಾರ್ಚಿನಲ್ಲಿ ಪ್ರದರ್ಶನ ಮಾಡಿದರು.”

ಅವರು ನಕ್ಕರು. ಚೌತಿಗೆ ತಂದು ಕೂರಿಸಿ ಆಮೇಲೆ ಬಾವಿಗೆ ಬಿಡುವ ಮಣ್ಣಿನ ಗಣಪನಿಗೂ ಮುಂದಿನ ವರ್ಷ ಬಾ ಎಂದು ಬೀಳ್ಕೊಡುವ ಮರ್ಯಾದೆ ಇರುತ್ತದೆ. ಬದುಕಿರುವ ಒಬ್ಬ ಮನುಷ್ಯನ ಜೀವಮಾನದ ಕೆಲಸಕ್ಕೆ ಅದೂ ಇರಲಿಲ್ಲ.

ಚಿತ್ರಗಳು ಮೊದಲೇ ಆಸ್ಟಿನ್ ಸೇರಿದ್ದವು. ನಾವು ಮೂವರು ಅರ್ಲ್ ಅವರ ಹಳೆಯ ವ್ಯಾನಿನಲ್ಲಿ ಹೊರಟೆವು. ದಾರಿಯ ಎರಡೂ ಬದಿ ನೀಲಿ ಹೂವು ಹಾಸಿತ್ತು. ನಡುವೆ ಒಂದು ಬೇಕರಿಯಲ್ಲಿ ಹಣ್ಣಿನ ಪಾಕ ತುಂಬಿದ ಕೊಲಾಚಿ ಎಂಬ ಬನ್ನು ತಿಂದೆವು. ಅರ್ಲ್ ಹೊಸ ಕೋಟು ಹಾಕಿದ್ದರು. ಆಗಾಗ ಸ್ಟಿಯರಿಂಗಿಗೆ ಬಡಿದು, “ಇದು ಏಪ್ರಿಲ್! ಏಪ್ರಿಲ್!” ಎಂದು ಮಗುವಿನಂತೆ ಖುಷಿಪಡುತ್ತಿದ್ದರು. ರಿಜ್ವಾನಾ ಕೂಡ ನಗುತ್ತಿದ್ದಳು.

ಸಂಜೆಯ ಉದ್ಘಾಟನೆಗೆ ಇನ್ನೂ ಹೊತ್ತಿತ್ತು. ಗ್ಯಾಲರಿಯ ಒಡತಿ ಬಾಗಿಲಿಗೇ ಬಂದು ರಿಜ್ವಾನಾಳನ್ನು ತಬ್ಬಿಕೊಂಡಳು. ಬಿಳಿ ಗೋಡೆಯ ಮೇಲೆ, ಸರಿಯಾದ ಬೆಳಕಿನಲ್ಲಿ, ಆ ಟೈರಿನ ರಸ್ತೆ ಎದ್ದು ಬರುವಂತಿತ್ತು. ನನ್ನ ಎದೆ ತುಂಬಿತು. ಆಮೇಲೆ ಪಕ್ಕದ ಫಲಕ ಓದಿದೆ. “ತನ್ನ ಹಳ್ಳಿಯ ಹಿಂದೂ ದೇಗುಲದ ಕೆತ್ತನೆ ಮತ್ತು ಮದುಮಗಳ ಮೆಹೆಂದಿಯಿಂದ ಪ್ರೇರಿತಳಾದ ಕಲಾವಿದೆ,” ಎಂದಿತ್ತು. ಇನ್ನೊಮ್ಮೆ ಓದಿದೆ. ಹುಬ್ಬಳ್ಳಿ ಎಲ್ಲಿ, ಹಳ್ಳಿ ಎಲ್ಲಿ? ಐದು ಹೊತ್ತು ನಮಾಜು ಮಾಡುವ ಮನೆಯ ಹುಡುಗಿಗೆ ಯಾವ ಗುಡಿ?

ಪಕ್ಕಕ್ಕೆ ತಿರುಗಿದರೆ ಅರ್ಲ್ ತಮ್ಮ ಚಿತ್ರದ ಮುಂದೆ ನಿಂತಿದ್ದರು. ಅವರ ಫಲಕದಲ್ಲಿ, “ಯಾರಿಂದಲೂ ಕಲಿಯದೆ ತಾನೇ ಚಿತ್ರ ಬರೆಯಲು ಕಲಿತ ಜಾನಪದ ಕಲಾವಿದ,” ಎಂದಿತ್ತು. ಪ್ರೊಫೆಸರರು ಕೋಟಿನ ಗುಂಡಿಯನ್ನು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.

ಒಡತಿ ಒರಟಳಲ್ಲ. ಅದೇ ನನ್ನನ್ನು ಹೆಚ್ಚು ದಂಗುಬಡಿಸಿದ್ದು. ನಮಗೆ ನೀರು ತಂದುಕೊಟ್ಟು ಸಮಾಧಾನವಾಗಿ ಹೇಳಿದಳು, “ಟೈರು ಎಂದರೆ ಯಾರೂ ನಿಲ್ಲುವುದಿಲ್ಲ. ಕೊಳ್ಳುವವರಿಗೆ ಒಂದು ಕತೆ ಬೇಕು. ಈ ಸಂಜೆ ಹೀಗೇ ಇರಲಿ, ಸೋಮವಾರ ಕೂತು ಕರಾರು ಮಾಡಿಕೊಳ್ಳೋಣ.”

ರಿಜ್ವಾನಾ ನನ್ನ ಕಡೆ ನೋಡಿದಳು. “ಏನ್ ಮಾಡ್ಲಿರಿ ಅಕ್ಕೋರ?”

ಸುಮ್ಮನಿದ್ದುಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. “ಚಿತ್ರ ನಿಂದು, ವೀಸಾನೂ ನಿಂದು. ನಾ ಏನ್ ಹೇಳ್ಲಿ ಮಗಳ?” ಎಂದೆ.

“ಅಬ್ಬಾಗ ಇದರ ಫೋಟೋ ಕಳಸ್ತೀನಿ ಅಂದೀನ್ರಿ. ಅವರು ಬರದದ್ದೆಲ್ಲಾ ದೊಡ್ಡದು ಮಾಡಿ ಯಾರ ಕಡೆಯಿಂದರ ಓದಸ್ತಾರ. ನಮ್ಮ ಅಂಗಡಿ ಎಲ್ಲೈತಿ ಅಂತ ಹುಡುಕ್ತಾರ.”

ಅವಳು ಹೋಗಿ ಫಲಕದ ಅಂಚಿಗೆ ಉಗುರು ಹಾಕಿ ಕಿತ್ತಳು. ಒಡತಿಯ ನಗು ಮಾಯವಾಯಿತು. ಫಲಕ ಬೇಡವಾದರೆ ಚಿತ್ರವೂ ಬೇಡ ಎಂದಳು. ನಾನೂ ರಿಜ್ವಾನಾಳೂ ಕ್ಯಾನ್ವಾಸನ್ನು ಇಳಿಸಿ ಚಾಪೆಯಂತೆ ಸುತ್ತಿದೆವು. ಅರ್ಲ್ ಅವರೂ ತಮ್ಮದನ್ನು ಇಳಿಸುತ್ತಾರೆಂದು ಕಾದೆ. ಅವರು ವ್ಯಾನಿನ ಕೀಲಿಯನ್ನು ನನ್ನ ಕೈಗಿಟ್ಟರು.

“ನಾನು ಬರಲಾರೆ. ಏಪ್ರಿಲ್ ತಿಂಗಳ ಗೋಡೆ ನನಗೆ ಇನ್ನೊಮ್ಮೆ ಸಿಗುವುದಿಲ್ಲ.”

ನನಗೆ ಸಿಟ್ಟು ಬಂತು. ವ್ಯಾನು ತಲುಪುವಷ್ಟರಲ್ಲಿ ಆ ಸಿಟ್ಟು ಅವರ ಮೇಲೆ ಉಳಿದಿರಲಿಲ್ಲ.

ರಸ್ತೆಯಾಚೆ ವ್ಯಾನಿನಲ್ಲಿ ಕೂತು ಗಾಜಿನೊಳಗಿನ ಜನರನ್ನು ನೋಡಿದೆವು. ರಿಜ್ವಾನಾಳ ಚಿತ್ರವಿದ್ದ ಜಾಗದಲ್ಲಿ ಬರಿಗೋಡೆಯ ಮೇಲೆ ಬೆಳಕು ಹಾಗೇ ಬಿದ್ದಿತ್ತು. ಅರ್ಲ್ ತಮ್ಮ ಚಿತ್ರವನ್ನು ಬಿಟ್ಟು ಆ ಬರಿಗೋಡೆಯ ಮುಂದೆ ನಿಂತಿದ್ದರು. ಸುತ್ತ ಐದಾರು ಜನ. ಎರಡೂ ಕೈ ಚಾಚಿ ಏನನ್ನೋ ನೆಲದ ಮೇಲೆ ಉರುಳಿಸುವಂತೆ ತೋರಿಸುತ್ತ ಪಾಠ ಮಾಡುತ್ತಿದ್ದರು.

ಅಷ್ಟರಲ್ಲಿ ರಿಜ್ವಾನಾಳ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯಲ್ಲಿ ಬೆಳಗಿನ ನಮಾಜು ಮುಗಿದಿತ್ತು. ಅವರ ಮನೆಯ ಉರ್ದು ನನಗೆ ತಿಳಿಯುತ್ತದೆ. ಅಪ್ಪ ಬೇರೇನೂ ಕೇಳಲಿಲ್ಲ. ಅದು ಟೈರು ಎಂದು ಯಾರಾದರೂ ಗುರುತು ಹಿಡಿದರೇ ಎಂದಷ್ಟೇ ಕೇಳಿದರು.

ಅವಳು ಗಾಜಿನ ಕಡೆ ನೋಡುತ್ತಲೇ ಇದ್ದಳು. “ಒಬ್ಬರು ಹಿಡಿದರು ಅಬ್ಬಾ,” ಎಂದಳು. “ಹಿಂದಿನ ಗಾಲಿಯದು ಅಂತಲೂ ಹೇಳಿದರು.”